ಗೆಲ್ಲುವ ತಂಡ ಕಟ್ಟುವ ಬಗೆ: ಬೆಂಗಳೂರು ಫುಟ್‌ಬಾಲಿನ ಚರಿತ್ರೆಯಿಂದ

ಇಬ್ಬರು ಫುಟ್‌ಬಾಲ್ ಅಭಿಮಾನಿಗಳು ಒಂದೆಡೆ ಸೇರಿದರೆ ಮೂರು ತಂಡಗಳು ತಯಾರಾಗುತ್ತವೆ. ಯಾರನ್ನು ಕರೆತರಬೇಕು, ಯಾರನ್ನು ಕಳಿಸಬೇಕು, ಯಾರ ಕಾಲು ಸೋತಿದೆ, ಯಾರಿಗೆ ಸಂಬಳ ಹೆಚ್ಚಾಯಿತು ಎಂಬ ಚರ್ಚೆಗೆ ಕೊನೆಯೆಂಬುದಿಲ್ಲ. ಸಿಂಗಸಂದ್ರದಿಂದ ಕಂಠೀರವ ಕ್ರೀಡಾಂಗಣಕ್ಕೆ ಪಂದ್ಯ ನೋಡಲು ಹೋಗುವವರಿಗೆ ಹೊಸೂರು ರಸ್ತೆಯ ವಾಹನಗಳ ಸಾಲು ಈ ಚರ್ಚೆಗೆ ಬೇಕಾದಷ್ಟು ಸಮಯ ಒದಗಿಸುತ್ತಿತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂದ ಮೇಲೆ ಆ ಸಮಯ ಸ್ವಲ್ಪ ಕಡಿಮೆಯಾಗಿದೆ, ಅಷ್ಟೆ. ಅಂಥ ಚರ್ಚೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಒಂದೇ: "ಗೋಲು ಹೊಡೆಯುವವನೊಬ್ಬನನ್ನು ತಂದರೆ ಪ್ರಶಸ್ತಿ ನಮ್ಮದೇ."

ಈ ಮಾತು ಎಷ್ಟು ನಿಜ? ವಿದ್ಯಾರ್ಥಿ ಮಿತ್ರರೇ, ಇದಕ್ಕೆ ಉತ್ತರ ಹುಡುಕಲು ಯುರೋಪಿಗೆ ಹೋಗಬೇಕಾದ ಅಗತ್ಯವಿಲ್ಲ. ನಮ್ಮ ನಗರದ ಚರಿತ್ರೆಯೇ ಸಾಕು. ಬೆಂಗಳೂರು ಬಹುಕಾಲ ಇತರರ ಗೆಲ್ಲುವ ತಂಡಗಳಿಗೆ ಆಟಗಾರರನ್ನು ಒದಗಿಸಿದ ಊರು. ಅನಂತರ ಇತರ ಊರುಗಳ ಆಟಗಾರರನ್ನು ಕೂಡಿಸಿ ತಾನೇ ಗೆದ್ದ ಊರು. ಈ ಎರಡು ಅವಸ್ಥೆಗಳನ್ನು ಜೊತೆಗಿಟ್ಟು ನೋಡಿದರೆ ತಂಡ ಕಟ್ಟುವ ವಿದ್ಯೆಯ ಒಳಮರ್ಮ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಬೆಂಗಳೂರಿಗೆ ಈ ಆಟ ಬಂದದ್ದು ದಂಡಿನ ಮೂಲಕ. ಬ್ರಿಟಿಷ್ ಸೈನಿಕರು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ದಂಡು ಪ್ರದೇಶದ ಹುಡುಗರು ಬರಿಗಾಲಿನಲ್ಲೇ ಅದನ್ನು ಕಲಿತರು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾಗಿ ನಾಲ್ಕು ದಶಕಗಳಿಗೂ ಮಿಕ್ಕಿ ಸೈನ್ಯದ ತಂಡಗಳ ಕೈಯಲ್ಲೇ ಉಳಿದಿತ್ತು. 1937ರಲ್ಲಿ ಆ ಬೀಗ ಒಡೆದದ್ದು ಕಲಕತ್ತೆಯ ತಂಡವಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು ಆ ಕಾಲದ ಮಹಾತಂಡವಾದ ಮೊಹಮ್ಮಡನ್ ಸ್ಪೋರ್ಟಿಂಗನ್ನು. ಮರುವರ್ಷವೂ ಕಪ್ ಅವರದೇ ಆಯಿತು.

1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯ ಕಥೆಯೂ ಅಷ್ಟೇ ಸ್ವಾರಸ್ಯಕರ. ಮೈಸೂರು ತಂಡ ಅದನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. ಭಾರತದ ಫುಟ್‌ಬಾಲ್ ಎಂದರೆ ಕಲಕತ್ತೆ ಎಂದು ಓದಿಕೊಂಡು ಬಂದವರು ಈ ನಾಲ್ಕು ಇಸವಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 1-2ರಿಂದ ಸೋತಾಗ ನಮ್ಮ ಪರ ಬಿದ್ದ ಒಂದೇ ಗೋಲು ಮೈಸೂರು ತಂಡದ ಸಾರಂಗಪಾಣಿ ರಾಮನ್ ಅವರದು.

ಆ ಒಲಿಂಪಿಕ್ ತಂಡದಲ್ಲಿ ಬೆಂಗಳೂರಿನ ಇನ್ನೊಬ್ಬ ತರುಣನಿದ್ದ: ಅಹ್ಮದ್ ಖಾನ್. ಕಾಲಿಗೆ ಚೆಂಡು ಅಂಟಿಕೊಂಡಂತೆ ಆಡುತ್ತಿದ್ದ ಈ ಆಟಗಾರ ಬೆಂಗಳೂರು ಮುಸ್ಲಿಮ್ಸ್ ತಂಡದವನು. ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಜ್ಯೋತಿಷ್ ಗುಹ ಆ ದಿನಗಳಲ್ಲಿ ದಕ್ಷಿಣ ಭಾರತದ ಮೈದಾನಗಳ ಮೇಲೆ ಕಣ್ಣಿಟ್ಟಿದ್ದರು. 1949ರಲ್ಲಿ ಅಹ್ಮದ್ ಖಾನ್ ಅಲ್ಲಿಗೆ ಸೇರಿದಾಗ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಅವರೊಂದಿಗೆ ಐವರ ಮುನ್ಪಡೆ ಪೂರ್ಣವಾಯಿತು. ಕಲಕತ್ತೆಯ ಜನ ಇವರನ್ನು "ಪಂಚಪಾಂಡವರು" ಎಂದು ಕರೆದರು. ಐವರೂ ದಕ್ಷಿಣದವರು. 1949, 1950, 1951 ಹೀಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗುಹ ಅವರು ಐದು ಜನ ಪ್ರಸಿದ್ಧರನ್ನು ಒಂದೇ ಸಲ ಕೊಂಡು ತಂದದ್ದಲ್ಲ. ಹಲವು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಬಂದವರನ್ನು ಬಿಟ್ಟುಕೊಡದೆ ಉಳಿಸಿಕೊಂಡರು. ಐವರು ಒಂದೇ ಸಾಲಿನಲ್ಲಿ ಋತುವಿನಿಂದ ಋತುವಿಗೆ ಆಡಿದ್ದರಿಂದಲೇ ಒಬ್ಬನ ಪಾಸ್ ಇನ್ನೊಬ್ಬನಿಗೆ ಮೊದಲೇ ತಿಳಿಯುತ್ತಿತ್ತು. ಅಹ್ಮದ್ ಖಾನ್ ಸುಮಾರು ಒಂದು ದಶಕ ಅಲ್ಲೇ ಇದ್ದರು. ಗೆಲ್ಲುವ ತಂಡದ ಮೊದಲ ಗುಟ್ಟು ಇದೇ ಎಂದು ನನ್ನ ಅಭಿಪ್ರಾಯ. ಕೊಳ್ಳುವುದು ಹಣವಿದ್ದ ಎಲ್ಲರಿಗೂ ಸಾಧ್ಯ, ಕೂಡಿಸಿ ಇಟ್ಟುಕೊಳ್ಳುವುದು ಕೆಲವರಿಗೆ ಮಾತ್ರ.

ಹಾಗಾದರೆ ಬೆಂಗಳೂರು ತನ್ನವರನ್ನೇ ಏಕೆ ಇಟ್ಟುಕೊಳ್ಳಲಿಲ್ಲ? ಕಲಕತ್ತೆಯಲ್ಲಿ ದೊಡ್ಡ ಲೀಗ್ ಇತ್ತು, ತುಂಬಿದ ಮೈದಾನಗಳಿದ್ದವು, ಆಟಗಾರನ ಹೆಸರು ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಬರುತ್ತಿತ್ತು. ನಮ್ಮಲ್ಲಿ ಇದ್ದದ್ದು ಉದ್ಯೋಗ. ಎಚ್.ಎ.ಎಲ್., ಐ.ಟಿ.ಐ., ಬಿ.ಇ.ಎಲ್. ಮುಂತಾದ ಸಾರ್ವಜನಿಕ ಕಾರ್ಖಾನೆಗಳು ಕ್ರೀಡಾಪಟುಗಳಿಗೆ ಕೆಲಸ ಕೊಟ್ಟು ತಂಡಗಳನ್ನು ನಡೆಸಿದವು. ಬೆಳಿಗ್ಗೆ ಯಂತ್ರದ ಮುಂದೆ, ಮಧ್ಯಾಹ್ನದ ಮೇಲೆ ಮೈದಾನದಲ್ಲಿ. ನಿವೃತ್ತಿಯವರೆಗೂ ಸಂಬಳ, ಆಮೇಲೆ ಪಿಂಚಣಿ. ಬಡತನದ ಮನೆಗಳಿಂದ ಬಂದ ಹುಡುಗರಿಗೆ ಇದು ಸಣ್ಣ ವಿಷಯವಲ್ಲ. ಇಂದಿನ ಅಭಿಮಾನಿಗಳು ಈ ತಂಡಗಳನ್ನು "ಗುಮಾಸ್ತರ ತಂಡ" ಎಂದು ಹಗುರವಾಗಿ ಮಾತನಾಡುವುದುಂಟು, ಅದು ಸರಿಯಲ್ಲ. ಹತ್ತಾರು ವರ್ಷ ಜೊತೆಯಲ್ಲೇ ದುಡಿದು ಜೊತೆಯಲ್ಲೇ ಆಡಿದವರ ಹೊಂದಾಣಿಕೆ ಆ ತಂಡಗಳ ನಿಜವಾದ ಬಂಡವಾಳವಾಗಿತ್ತು.

ಆದರೆ ಅತಿ ಪ್ರತಿಭಾವಂತನಾದವನಿಗೆ ಈ ನೆಮ್ಮದಿ ಸಾಲದಾಯಿತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಆಡಿದರು. 1970ರ ದಶಕದಲ್ಲಿ ಉಲಗನಾಥನ್ ಅದೇ ದಾರಿ ಹಿಡಿದರು. ಆಸ್ಟಿನ್ ಟೌನ್‌ನ ಕಾರ್ಲ್ಟನ್ ಚಾಪ್‌ಮನ್ ಕಥೆಯಂತೂ ಇನ್ನೂ ಸ್ಪಷ್ಟ. ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಅವರು ಆ ವರ್ಷವೇ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಬಾರಿಸಿದರು. 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಪಂಜಾಬಿನ ಫಗ್ವಾಡದ ಜೆ.ಸಿ.ಟಿ. ತಂಡ, ಅದರಲ್ಲಿ ಕೇರಳದ ವಿಜಯನ್, ಸಿಕ್ಕಿಂನ ಭುಟಿಯಾ, ಬೆಂಗಳೂರಿನ ಚಾಪ್‌ಮನ್ ಇದ್ದರು. 2000-01ರಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗ್ ಗೆದ್ದಾಗ ನಾಯಕ ಚಾಪ್‌ಮನ್. ಇತ್ತ ಅವರ ಹುಟ್ಟೂರಿನ ಎಚ್.ಎ.ಎಲ್. ತಂಡ ಒಬ್ಬ ವಿದೇಶಿ ತಾರೆಯೂ ಇಲ್ಲದೆ ದೊಡ್ಡ ತಂಡಗಳೊಡನೆ ಸೆಣಸಿ, 2011-12ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಅಲ್ಲಿಗೆ ದೇಶದ ಅಗ್ರ ಲೀಗ್‌ನಲ್ಲಿ ಬೆಂಗಳೂರಿನ ಹೆಸರೇ ಉಳಿಯಲಿಲ್ಲ.

ಮರುವರ್ಷವೇ ಪರಿಸ್ಥಿತಿ ತಿರುಗಿತು. 2013ರಲ್ಲಿ ಜಿಂದಾಲ್ ಉದ್ಯಮ ಸಮೂಹ ಐ-ಲೀಗ್‌ಗೆ ನೇರ ಪ್ರವೇಶ ಪಡೆದು ಬೆಂಗಳೂರು ಎಫ್.ಸಿ.ಯನ್ನು ಆರಂಭಿಸಿತು. ಜುಲೈನಲ್ಲಿ ಹೆಸರು ಪ್ರಕಟವಾದ ಕ್ಲಬ್ ಸೆಪ್ಟೆಂಬರ್ 22ರಂದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿತು; ಫಲಿತಾಂಶ 1-1. ಏಳು ತಿಂಗಳ ನಂತರ, 2014ರ ಏಪ್ರಿಲ್‌ನಲ್ಲಿ, ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಅದು ಚಾಂಪಿಯನ್ ಆಯಿತು. 24 ಪಂದ್ಯಗಳಿಂದ 47 ಅಂಕ. ಹುಟ್ಟಿದ ವರ್ಷವೇ ಪ್ರಶಸ್ತಿ!

ಇದು ಹೇಗಾಯಿತು? "ಹಣವಿತ್ತು" ಎಂಬುದು ಸುಲಭದ ಉತ್ತರ. ಹಣ ಇತರರ ಬಳಿಯೂ ಇತ್ತು. ತಂಡದ ಪಟ್ಟಿಯನ್ನು ಬಿಡಿಸಿ ನೋಡಿದರೆ ಬೇರೆಯೇ ಲೆಕ್ಕಾಚಾರ ಕಾಣುತ್ತದೆ.

ಅಂದಿನ ನಿಯಮದಂತೆ ಒಂದು ತಂಡಕ್ಕೆ ನಾಲ್ವರು ವಿದೇಶಿಯರು, ಅವರಲ್ಲೊಬ್ಬ ಏಷ್ಯಾ ಒಕ್ಕೂಟದವನಾಗಿರಬೇಕು. ಬಹಳಷ್ಟು ಕ್ಲಬ್ಬುಗಳು ಈ ಸ್ಥಾನಗಳನ್ನು ಮುನ್ಪಡೆಗೆ ಸುರಿಯುತ್ತಿದ್ದವು. ಇಂಗ್ಲೆಂಡಿನ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಇಬ್ಬರನ್ನು ರಕ್ಷಣೆಯ ನಡುವೆ ನಿಲ್ಲಿಸಿದರು: ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯದ ಕರ್ಟಿಸ್ ಒಸಾನೊ. ಲೈಬೀರಿಯದ ಮೆನ್ಯೊಂಗರ್ ನಡುಪಡೆಗೆ ಬಂದರು. ಏಷ್ಯಾದ ಸ್ಥಾನಕ್ಕೆ ಆಸ್ಟ್ರೇಲಿಯದ ಶಾನ್ ರೂನಿ. ಆಸ್ಟ್ರೇಲಿಯ ಏಷ್ಯಾ ಒಕ್ಕೂಟದ ಸದಸ್ಯ ರಾಷ್ಟ್ರವಾದ್ದರಿಂದ ಇದು ಸಾಧ್ಯವಾಯಿತು. ಗೋಲು ಹೊಡೆಯುವ ಮುಖ್ಯ ಹೊಣೆ ಮಾತ್ರ ಭಾರತೀಯನೊಬ್ಬನದು. ಪೋರ್ಚುಗಲ್‌ನಿಂದ ಮರಳಿದ್ದ ಸುನಿಲ್ ಛೇತ್ರಿ ಆ ಲೀಗ್‌ನಲ್ಲಿ 14 ಗೋಲು ಗಳಿಸಿದರು.

ಇಲ್ಲಿಯ ಜಾಣತನ ಏನೆಂದರೆ, ಮೈದಾನದಲ್ಲಿರುವ ಹನ್ನೊಂದು ಜನರಲ್ಲಿ ಏಳು ಮಂದಿ ಭಾರತೀಯರೇ ಆಗಿರಬೇಕು. ನಾಲ್ಕು ವಿದೇಶಿಯರನ್ನು ಎಲ್ಲ ಕ್ಲಬ್ಬುಗಳೂ ತರಬಲ್ಲವು. ಪ್ರಶಸ್ತಿಯನ್ನು ನಿರ್ಧರಿಸುವುದು ಉಳಿದ ಏಳು ಮಂದಿ. ಕೇರಳದ ರಿನೊ ಆಂಟೊ, ಮಣಿಪುರದ ತೋಯಿ ಸಿಂಗ್, ಮಿಜೋರಾಮಿನ ಬೈಖೋಖೈ, ಉತ್ತರದ ರಾಬಿನ್ ಸಿಂಗ್, ನಮ್ಮ ಊರಿನವರೇ ಆದ ಶಂಕರ್ ಸಂಪಂಗಿರಾಜ್ ಇವರಲ್ಲಿ ಛೇತ್ರಿಯಷ್ಟು ದೊಡ್ಡ ಹೆಸರು ಯಾರದೂ ಇರಲಿಲ್ಲ. ವ್ಯಾಯಾಮ, ಆಹಾರ, ಓಟದ ಅಳತೆ ಇವುಗಳ ಶಿಸ್ತಿನಲ್ಲಿ ಪಳಗಿದ ಇವರು ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಎದುರಾಳಿಗಳಿಗಿಂತ ಹೆಚ್ಚು ಓಡಬಲ್ಲವರಾಗಿದ್ದರು.

ಆದರೂ ಫುಟ್‌ಬಾಲ್ ಲೆಕ್ಕದ ಪುಸ್ತಕವಲ್ಲ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದರೆ ಪ್ರಶಸ್ತಿ ಮತ್ತೆ ನಮ್ಮದಾಗುತ್ತಿತ್ತು. ಜಾನ್ಸನ್ ಗೋಲು ಹೊಡೆದಿದ್ದರು. ಮಳೆ ಸುರಿದು ಮೈದಾನ ಒದ್ದೆಯಾಗಿತ್ತು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿ 1-1 ಮಾಡಿದರು. ಪ್ರಶಸ್ತಿ ಕಲಕತ್ತೆಗೆ ಹೋಯಿತು. ಆ ಸಂಜೆ ಅಭಿಮಾನಿಗಳು ಇಡೀ ತಂಡವನ್ನೇ ಬದಲಿಸಬೇಕೆಂದರು. ಕ್ಲಬ್ ಹಾಗೆ ಮಾಡಲಿಲ್ಲ. ಬೆನ್ನೆಲುಬನ್ನು ಉಳಿಸಿಕೊಂಡು ಕೈಕಾಲುಗಳನ್ನಷ್ಟೇ ಸರಿಪಡಿಸಿತು. 2015-16ರಲ್ಲಿ ಲೀಗ್ ಮರಳಿ ಬಂತು. 2016ರ ಅಕ್ಟೋಬರ್‌ನಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಆದ ಮಲೇಷ್ಯದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 0-1ರ ಸೋಲು.

2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿದಾಗ ಪರೀಕ್ಷೆ ಇನ್ನೂ ಕಠಿಣವಾಯಿತು. ನಿಯಮದ ಪ್ರಕಾರ ಕೆಲವೇ ಭಾರತೀಯರನ್ನು ಉಳಿಸಿಕೊಳ್ಳಬಹುದಿತ್ತು. ಯುಜೀನ್‌ಸನ್ ಲಿಂಗ್ಡೊ ಅಂಥವರು ಬೇರೆಡೆ ಹೋದರು. ಛೇತ್ರಿ, ಉದಾಂತ, ಜಾನ್ಸನ್, ಸ್ಪೇನಿನ ಹ್ವಾನನ್ ಉಳಿದರು. ನಾರ್ವೆಯಿಂದ ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು, ವೆನೆಜುವೆಲದ ಮಿಕು, ನಡುಪಡೆಗೆ ಡಿಮಾಸ್ ಮತ್ತು ಪಾರ್ತಾಲು ಬಂದರು. ಮೊದಲ ವರ್ಷವೇ ಪಟ್ಟಿಯ ಅಗ್ರಸ್ಥಾನ; ಆದರೆ 2018ರ ಮಾರ್ಚ್ 17ರಂದು ತವರಿನ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2-3ರಿಂದ ಸೋಲು. ಸರಿಯಾಗಿ ಒಂದು ವರ್ಷದ ನಂತರ ಅದೇ ದಿನಾಂಕದಂದು ಮುಂಬಯಿಯಲ್ಲಿ, ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ, ಗೋವಾ ವಿರುದ್ಧ ಗೋಲು ಬಿತ್ತು. ಹೊಡೆದವನು ಮಿಕುವಲ್ಲ, ಛೇತ್ರಿಯಲ್ಲ. ರಕ್ಷಣೆಯ ಆಟಗಾರ ರಾಹುಲ್ ಭೇಕೆ. "ಒಬ್ಬ ಗೋಲುಗಾರ ಸಾಕು" ಎನ್ನುವವರಿಗೆ ನಾನು ಯಾವಾಗಲೂ ತೋರಿಸುವ ಗೋಲು ಇದು.

ಆಮೇಲಿನ ಇಳಿಜಾರೂ ಅಷ್ಟೇ ಬೋಧಪ್ರದ. ಬೆನ್ನೆಲುಬಿನ ಮೂಳೆಗಳು ಒಂದೊಂದಾಗಿ ಕಳಚಿದವು. ಮಿಕು, ಹ್ವಾನನ್, ಡಿಮಾಸ್ ಅವರ ಜಾಗಕ್ಕೆ ಅಷ್ಟೇ ಗಟ್ಟಿಯಾದವರು ಬರಲಿಲ್ಲ. 2020-21ರಲ್ಲಿ ತಂಡ ಏಳನೆಯದಾಯಿತು, 2023-24ರಲ್ಲಿ ಹತ್ತನೆಯದು. ನಡುವೆ 2022ರ ಡುರಾಂಡ್ ಕಪ್ ಬಂದದ್ದು ನಿಜ. 2024-25ರಲ್ಲಿ ಛೇತ್ರಿ ನಲವತ್ತರ ವಯಸ್ಸಿನಲ್ಲಿ ಮತ್ತೆ 14 ಗೋಲು ಹೊಡೆದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟುತ್ತಲೇ ಒಂದು ಪ್ರಶ್ನೆ ಕಾಡುತ್ತಿತ್ತು: ಹನ್ನೊಂದು ವರ್ಷಗಳಲ್ಲಿ ಆ ಜಾಗಕ್ಕೆ ಇನ್ನೊಬ್ಬನನ್ನು ಬೆಳೆಸಲಾಗಲಿಲ್ಲವೇ?

ಈ ಪ್ರಶ್ನೆ ಕ್ಲಬ್ಬಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆ, ಬೀದಿಯಲ್ಲಿ ಚೆಂಡಿದೆ. ಸಿಂಗಸಂದ್ರದಂಥ ಹೊರವಲಯಗಳಲ್ಲಿ ಮಕ್ಕಳು ಗಂಟೆಗೆ ಬಾಡಿಗೆ ಕೊಟ್ಟು ಕೃತಕ ಹುಲ್ಲಿನ ಅಂಗಳದಲ್ಲಿ ಆಡುತ್ತಾರೆ. ಬಾಡಿಗೆ ಕೊಡಲಾಗದವನು ಎಲ್ಲಿ ಆಡಬೇಕು? ಚಾಂಪಿಯನ್ ತಂಡದಲ್ಲಿ ಊರಿನ ಹುಡುಗರು ಬೆರಳೆಣಿಕೆಯಷ್ಟು ಎಂಬ ಅಸಮಾಧಾನ ಅಭಿಮಾನಿಗಳಲ್ಲಿ ಹಳೆಯದು. ಅದರಲ್ಲಿ ಸತ್ಯಾಂಶವಿದೆ. ಆದರೆ "ಊರಿನವನು" ಎಂದರೆ ಯಾರು ಎಂದು ಕೇಳಿದರೆ ಉತ್ತರ ಅಷ್ಟು ಸರಳವಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕಿ ಓರಂ, ರಾಬಿನ್ ಯಾದವ್. ಹೆಸರುಗಳೇ ಹೇಳುವಂತೆ, ಅದೂ ಹಲವು ಕಡೆಗಳಿಂದ ಕೂಡಿಬಂದ ಬೆಂಗಳೂರೇ.

2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಬೆಂಗಳೂರು ಎಫ್.ಸಿ. ಆ ವರ್ಷದ ಲೀಗ್‌ನ ತನ್ನ ಮೊದಲ ಪಂದ್ಯ ಆಡಿತು. ತನ್ನದೇ ಅಕಾಡೆಮಿಯಲ್ಲಿ ಬೆಳೆದ ಹತ್ತೊಂಬತ್ತರ ಹುಡುಗ ವಿನೀತ್ ವೆಂಕಟೇಶ್ ಹೊಡೆದ ಗೋಲಿನಿಂದ 1-0ರ ಜಯ ಸಿಕ್ಕಿತು. ಎದುರಾಳಿ ತಂಡ ಈಸ್ಟ್ ಬೆಂಗಾಲ್, 1949ರಲ್ಲಿ ಅಹ್ಮದ್ ಖಾನರನ್ನು ಕರೆದೊಯ್ದ ಕ್ಲಬ್.