ಟಿಲ್ ಎಂಬ ಮೊಂಡು ಮಣ್ಣು

ನಮ್ಮ ಗದ್ದೆಗಳಿಗೆ ಪವರ್ ಟಿಲ್ಲರ್ ಇಳಿದ ಮೇಲೆ ‘ಟಿಲ್’ ಎಂದರೆ ಉಳುಮೆ ಎಂಬುದು ಹಳ್ಳಿಯಲ್ಲೂ ಗೊತ್ತು. ಇಂಗ್ಲಿಷ್ ಬಲ್ಲವರಿಗೆ ಅದು ‘ತನಕ’ವೂ ಹೌದು, ಅಂಗಡಿಯ ಗಲ್ಲಾಪೆಟ್ಟಿಗೆಯೂ ಹೌದು. ಇವುಗಳ ಸಾಲಿಗೆ ಸೇರದ ಇನ್ನೊಂದು ಟಿಲ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿತು. ತಮಾಷೆಯೆಂದರೆ, ಅದು ಉಳುಮೆಗೆ ಬಗ್ಗದ ಮಣ್ಣಿನ ಹೆಸರು. ನೀರು ಇಂಗಗೊಡದ, ಮೈತುಂಬ ಕಲ್ಲು ಕಚ್ಚಿಕೊಂಡ ಗಟ್ಟಿ ಜೇಡಿಗೆ ಅಲ್ಲಿಯ ರೈತರು ಹಾಗೆನ್ನುತ್ತಿದ್ದರು. ಪದದ ಮೂಲ ಕೇಳಿದರೆ ನಿಘಂಟುಗಳು ಕೈಚೆಲ್ಲುತ್ತವೆ.

ಪಂಡಿತರು ಇದೇ ಮಣ್ಣನ್ನು ‘ಡ್ರಿಫ್ಟ್’ ಎಂದರು, ಅಂದರೆ ತೇಲಿಬಂದದ್ದು. 1840ರಲ್ಲಿ ಚಾರ್ಲ್ಸ್ ಲಯೆಲ್ ಬಳಸಿದ ಈ ಮಾತಿನ ಹಿಂದೆ ಒಂದು ವಾದವಿತ್ತು: ನೆಲ ಕಡಲಲ್ಲಿ ಮುಳುಗಿದ್ದಾಗ ತೇಲುವ ಹಿಮಗಡ್ಡೆಗಳು ಕರಗುತ್ತ ಉದುರಿಸಿದ ಕಲ್ಲುಮಣ್ಣು ಇದು. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ಲೂಯಿ ಅಗಾಸಿ ಸ್ಕಾಟ್ಲೆಂಡ್ ಸುತ್ತಿ, ಇದು ನೆಲದ ಮೇಲೆಯೇ ಹರಿದ ಹಿಮನದಿಯ ಕೆಲಸ ಎಂದರು. ತೇಲಿಬಂದ ಕಥೆ ಮುಳುಗಿತು, ಆ ಹೆಸರು ಮಾತ್ರ ಬಹುಕಾಲ ನಕ್ಷೆಗಳ ಮೇಲೆ ತೇಲುತ್ತಲೇ ಇತ್ತು. 1863ರಲ್ಲಿ ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿ ಸ್ಕಾಟ್ಲೆಂಡಿನ ಹಿಮಯುಗದ ಬಗ್ಗೆ ಬರೆದಾಗ ರೈತರ ‘ಟಿಲ್’ ಶಾಸ್ತ್ರದ ಪಂಕ್ತಿಯಲ್ಲಿ ಕೂತಿತು. ನಮ್ಮ ಕಡೆ ಹೀಗಾಗಲಿಲ್ಲ. ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಮುರಕಲ್ಲಿಗೆ ‘ಇಟ್ಟಿಗೆಕಲ್ಲು’ ಎಂಬ ಜನರ ಮಾತು ಕೇಳಿಯೂ 1807ರ ಪುಸ್ತಕದಲ್ಲಿ ಅದನ್ನು ಲ್ಯಾಟಿನ್‌ಗೆ ತಿರುಗಿಸಿ ‘ಲ್ಯಾಟರೈಟ್’ ಮಾಡಿದರು.

ಟಿಲ್‌ಗೆ ಇನ್ನೊಬ್ಬ ಎದುರಾಳಿ ‘ಬೋಲ್ಡರ್ ಕ್ಲೇ’, ಅಂದರೆ ಗುಂಡುಕಲ್ಲಿನ ಜೇಡಿ. ಬೋಲ್ಡರ್ ಸ್ಕ್ಯಾಂಡಿನೇವಿಯಾ ಕಡೆಯ ಮಾತು. ಸ್ವೀಡನ್ನಿನ ಆಡುನುಡಿಯ ‘ಬುಲ್ಲರ್‌ಸ್ಟೆನ್’ ಎಂದರೆ ಹೊಳೆಯಲ್ಲಿ ಸದ್ದು ಮಾಡುವ ಕಲ್ಲು. ಹೆಸರು ಚೆಂದ, ಆದರೆ ಮೋಸದ್ದು. ಬೋಲ್ಡರ್ ಕ್ಲೇ ಎಂದು ಬರೆದ ಜಾಗದಲ್ಲಿ ಕೆಲವೊಮ್ಮೆ ಗುಂಡೂ ಇರದು, ಜೇಡಿಯೂ ಅಷ್ಟಕ್ಕಷ್ಟೆ.

ಈ ಮೋಸದ ಬಿಸಿ ತಟ್ಟುವುದು ಅಡಿಪಾಯ ಹಾಕುವವರಿಗೆ. ಮಣ್ಣಿನ ಬಲ ಅಳೆಯಲು ಬೋರ್‌ಹೋಲಿನಲ್ಲಿ ಕೊಳವೆ ಇಳಿಸಿ, 63.5 ಕಿಲೋ ಸುತ್ತಿಗೆಯನ್ನು 760 ಮಿಲಿಮೀಟರ್ ಎತ್ತರದಿಂದ ಬಿಡುತ್ತಾರೆ. ಮೊದಲ 150 ಮಿಲಿಮೀಟರ್ ಲೆಕ್ಕಕ್ಕಿಲ್ಲ. ಮುಂದಿನ 300 ಇಳಿಯಲು ಬೀಳುವ ಏಟುಗಳೇ ‘ಎನ್’ ಮೌಲ್ಯ. ಟಿಲ್‌ನಲ್ಲಿ ಹತ್ತು, ಹನ್ನೆರಡು ಎನ್ನುತ್ತಿದ್ದ ಎಣಿಕೆ ಒಮ್ಮೆಲೇ ಐವತ್ತು ದಾಟಿ ಕೊಳವೆ ಕದಲದೆ ನಿಲ್ಲಬಹುದು. ಕೆಳಗೆ ಸಿಕ್ಕಿದ್ದು ಗಟ್ಟಿ ನೆಲವೋ, ಹಿಮನದಿ ಹೊತ್ತುತಂದು ಬಿಟ್ಟುಹೋದ ಒಂಟಿ ಕಲ್ಲೋ? ಹಿಮದಡಿ ಅಮುಕಿಸಿಕೊಂಡ ಟಿಲ್ ನಿಜಕ್ಕೂ ಗಟ್ಟಿ. ಒಂದು ಕಿಲೋಮೀಟರ್ ದಪ್ಪದ ಹಿಮವೆಂದರೆ ಚದರ ಮೀಟರಿಗೆ ಸುಮಾರು 900 ಟನ್ ಭಾರ. ಆ ಭಾರದಲ್ಲಿ ಒಂದಷ್ಟನ್ನು ತಳದ ನೀರೇ ಹೊತ್ತಿರುತ್ತದೆ, ಅದು ಬೇರೆ ಮಾತು. ಆದರೆ ಹಿಮ ಕರಗುವಾಗ ಸುಮ್ಮನೆ ಕುಸಿದು ಬಿದ್ದ ಟಿಲ್ ಅಷ್ಟು ಬಿಗಿಯಲ್ಲ. ನಡುನಡುವೆ ನೀರು ತುಂಬಿದ ಮರಳಿನ ಪಟ್ಟಿಗಳೂ ಅಡಗಿರುತ್ತವೆ. ಅಗೆತ ಅಲ್ಲಿಗೆ ಮುಟ್ಟಿದರೆ ಗುಂಡಿಯ ತಳವೇ ಉಬ್ಬಿ ಬರಬಹುದು.

ನಮ್ಮ ಬಾವಿ ತೋಡುವವರು ಇದನ್ನು ಎರಡೇ ಮಾತಿನಲ್ಲಿ ಕೇಳುತ್ತಾರೆ: ‘ಗುಂಡೋ, ಬಂಡೆಯೋ?’ ಕರ್ನಾಟಕದಲ್ಲಿ ಹಿಮನದಿಯ ಟಿಲ್ ಇಲ್ಲ. ಇಲ್ಲಿನ ಗುಂಡುಗಳು ಎಲ್ಲಿಂದಲೋ ಬಂದವಲ್ಲ, ಸುತ್ತಲಿನ ಬಂಡೆ ಸವೆದು ಮಣ್ಣಾದಾಗ ಉಳಿದ ತಿರುಳು. ಆದರೂ ಡ್ರಿಲ್ ಮೋಸಹೋಗುವುದು ಒಂದೇ ಬಗೆಯಲ್ಲಿ. ಆದ್ದರಿಂದ ಕಲ್ಲು ತಗುಲಿದೊಡನೆ ನಿಲ್ಲಿಸದೆ, ಕನಿಷ್ಠ 3 ಮೀಟರ್ ಒಳಕ್ಕೆ ಕೊರೆದು ಕಲ್ಲಿನ ಮಾದರಿ ತೆಗೆದು ನೋಡುವ ವಾಡಿಕೆ ಎರಡೂ ಕಡೆ ಇದೆ. ಗುಂಡು ದೊಡ್ಡದಿರುವ ಕಡೆ ಅದೂ ಸಾಲದು.

ಈಚಿನ ದಶಕಗಳಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷೆ ತನ್ನ ನಕ್ಷೆಗಳಿಂದ ‘ಡ್ರಿಫ್ಟ್’ ತೆಗೆದು ಮೇಲ್ಪದರದ ನಿಕ್ಷೇಪ ಎಂಬರ್ಥದ ಮಾತು ಹಾಕಿತು. ಹಳೆಯ ನಕ್ಷೆಗಳಲ್ಲಿ ‘ಬೋಲ್ಡರ್ ಕ್ಲೇ’ ಎಂದಿದ್ದ ಕಡೆ ಈಗ ಅಚ್ಚಾಗಿರುವುದು ರೈತರ ‘ಟಿಲ್’.