ಶಂಕುವಿನ ಮೊನೆ ಮತ್ತು ಬೆಂಗಳೂರಿನ ಒಂದು ಗಣಿತಸ್ಮೃತಿ

ಎರಡು ಅಡ್ಡಸಾಲು, ಎರಡು ಕಂಬಸಾಲುಗಳುಳ್ಳ ಮಾತೃಕೆಗಳಲ್ಲಿ, ತಮ್ಮಿಂದ ತಾವೇ ಗುಣಿಸಲ್ಪಟ್ಟಾಗ ಶೂನ್ಯವಾಗುವವನ್ನೆಲ್ಲ ಒಂದೆಡೆ ಕೂಡಿಸಿದರೆ ಅವು ಶಂಕುವಿನ ಆಕಾರವನ್ನು ತಾಳುತ್ತವೆ. ನಾರ್ವೆಯ ಸೋಫಸ್ ಲೀ 19ನೆಯ ಶತಮಾನದಲ್ಲಿ ತೊಡಗಿಸಿದ, ಲೀ ಸಮೂಹಗಳ ಶಾಸ್ತ್ರದ ಅತಿಸರಳ ವಿಕಲಾಕೃತಿಯಿದು: ಎಲ್ಲೆಡೆಯೂ ನುಣುಪು, ಶಿಖರದಲ್ಲಿ ಮಾತ್ರ ಮೊನೆ. ಸಂಮಿಶ್ರ ಸಂಖ್ಯೆಗಳ ಲೋಕದಲ್ಲಿ ಆ ಶಿಖರಬಿಂದುವನ್ನು ತೆಗೆದು, ಉಳಿದುದರ ಮೇಲೆ ದಾರವನ್ನು ಸುತ್ತುವುದಾದರೆ, ಒಮ್ಮೆ ಸುತ್ತಿದಾಗ ಕಳಚಲಾರದ ದಾರಿಯೊಂದಿದೆ. ಅದೇ ದಾರಿಯಲ್ಲಿ ಎರಡು ಬಾರಿ ಸುತ್ತಿದ ದಾರವೋ ತಾನಾಗಿ ಸಡಿಲಗೊಳ್ಳುವುದು. ವಿಕಲಬಿಂದುವನ್ನು ದೋಷವೆಂದು ಬದಿಗೊತ್ತದೆ, ಅದರ ಸುತ್ತಣ ಅವಕಾಶವನ್ನೇ ವಿಚಾರಿಸಿದರೆ ಆಕೃತಿಯ ಸ್ವಭಾವವು ತಿಳಿಯುತ್ತದೆಂಬುದು ಟೊಪಾಲಜಿಯ ಮಹತ್ತ್ವದ ಒಳನೋಟ. ನಾರ್ಮಲ್ ಎನಿಸುವ ತಲಗಳಲ್ಲಿ, ಬಿಂದುವಿನ ಸುತ್ತ ಎಲ್ಲ ದಾರಗಳೂ ಸಡಿಲವಾದರೆ ಆ ಬಿಂದು ನುಣುಪಾದುದೇ ಸರಿ ಎಂದು ಡೇವಿಡ್ ಮಮ್‌ಫರ್ಡ್ 1961ರಲ್ಲಿ ಸಾಧಿಸಿದರು.

ಈ ವಿಚಾರಮಾರ್ಗದಲ್ಲಿ ನಡೆದವರು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಿ. ಪಿ. ರಾಮಾನುಜಂ. 1938ರಲ್ಲಿ ಮದರಾಸಿನಲ್ಲಿ ಹುಟ್ಟಿದ ಇವರು, ಶ್ರೀನಿವಾಸ ರಾಮಾನುಜನ್ ಅವರಿಗಿಂತ ಬೇರೆಯವರು. ಬಿಂದುವಿನ ಬಳಿ ಕೇಳಿದ ಪ್ರಶ್ನೆಯನ್ನು ಅನಂತದಲ್ಲಿ ಕೇಳಿ, ಬೈಜಿಕ ಸಮತಲವನ್ನು ಕೇವಲ ಟೊಪಾಲಜಿಯ ಲಕ್ಷಣಗಳಿಂದ ಗುರುತಿಸಬಹುದೆಂದು 1971ರಲ್ಲಿ ತೋರಿಸಿದರು. ಬಿಂದುವಾಗಿ ಕುಗ್ಗಬಲ್ಲುದಾದರೂ ಸಮತಲವಲ್ಲದ ತಲವೊಂದನ್ನೂ ಅಲ್ಲಿಯೇ ರಚಿಸಿಕೊಟ್ಟರು. ನನ್ನೆಣಿಕೆಯಲ್ಲಿ ಈ ಎರಡನೆಯದೇ ಹೆಚ್ಚು ಸುಂದರವಾದುದು, ಏಕೆಂದರೆ ಪ್ರಮೇಯದ ನಿಬಂಧನೆಗಳಲ್ಲಿ ಒಂದೂ ಅನಾವಶ್ಯಕವಲ್ಲವೆಂದು ಅದು ಸಾರುತ್ತದೆ. ದೀರ್ಘಕಾಲದ ಮನೋವ್ಯಾಧಿಯ ನಡುವೆಯೂ ಅವರು, ಬೆಂಗಳೂರಿನಲ್ಲಿ ಆ ಸಂಸ್ಥೆಯು ಅನ್ವಿತ ಗಣಿತಕ್ಕೆಂದು ತೆರೆದ ಶಾಖೆಯ ಹೊಣೆಯನ್ನು ಹೊತ್ತಿದ್ದರು. 1974ರ ಅಕ್ಟೋಬರ್ 27ರಂದು, 36ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡರು. ವಿಕಲಬಿಂದುವಿನ ಮಿಲ್ನರ್ ಸಂಖ್ಯೆಯೆಂಬ ಅಳತೆಯು ಬದಲಾಗದಿದ್ದಲ್ಲಿ, ಒಂದು ಆಯಾಮವನ್ನುಳಿದು, ಅದರ ಟೊಪಾಲಜಿಯೂ ಬದಲಾಗದೆಂಬ, ಲೇ ಡುಂಗ್ ಟ್ರಾಂಗ್ ಅವರೊಡಗೂಡಿ ಬರೆದ ಲೇಖನ ಅಚ್ಚಾದದ್ದು 1976ರಲ್ಲಿ.

ರಾಮಾನುಜಂ ಅವರ ನೆನಪಿಗೆ ಹೊರಬಂದ 1978ರ ಸ್ಮರಣಸಂಪುಟದಲ್ಲಿ ಗಣಿತಜ್ಞ ಸಿ. ಎಸ್. ಶೇಷಾದ್ರಿಯವರ ಲೇಖನವಿದೆ. ಲೀ ಸಮೂಹಗಳಿಂದ ಹುಟ್ಟುವ ಷೂಬರ್ಟ್ ಆಕೃತಿಗಳನ್ನು ಕುರಿತು ಅಲ್ಲಿ ಮೊದಲಾದ ಲೇಖನಮಾಲೆಯನ್ನು ವಿ. ಲಕ್ಷ್ಮೀಬಾಯಿ, ಸಿ. ಮುಸಿಲಿ ಅವರೊಡನೆ ಅವರು ಬೆಳೆಸಿದರು. ಆ ಆಕೃತಿಗಳ ವೈಕಲ್ಯವನ್ನು ಅಳೆಯುವ ಬಹುಪದಿಗಳು 1979ರಲ್ಲಿ ಕಾಜ್ದಾನ್ ಮತ್ತು ಲುಸ್ಟಿಗ್ ಅವರಿಂದ ಬಂದವು.

ಗಣಿತವನ್ನು ಕನ್ನಡದಲ್ಲಿ ಹೇಳುವುದು ಹೊಸತೇನಲ್ಲ: 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದನು. ಹಿರೇಬೆಂಡಿಗೇರಿಯ, ಶಿಗ್ಗಾಂವಿ ಸವಣೂರುಗಳ ಗಣಿತೋಪಾಧ್ಯಾಯರು ಆ ಶಂಕುವನ್ನು ಹಲಗೆಯ ಮೇಲೆ ಬರೆದು, ಈ ಚರಿತ್ರೆಯನ್ನು ಮಕ್ಕಳಿಗೆ ಕನ್ನಡದಲ್ಲಿಯೇ ಹೇಳಬೇಕೆಂದು ಬೇಡುತ್ತೇನೆ.