ಮನೆ ಕಂದಾಯದಲ್ಲಿ ಶಾಲೆಯ ಪಾಲು: ಸಮೇತನಹಳ್ಳಿಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಸರ್ಕಾರಿ ಶಾಲೆಗಳಿಗೆಂದೇ ಊರಿನ ಆಸ್ತಿಗಳ ಮೇಲೆ ತೆರಿಗೆ ಹಾಕಬೇಕೆ ಎಂಬ ಪ್ರಶ್ನೆಯನ್ನು ಎಲ್ಲಿ ಬೇಕಾದರೂ ಕೇಳಬಹುದು. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಂಥ ಊರಿನಲ್ಲಿ ಅದಕ್ಕೆ ಹೆಚ್ಚಿನ ತೂಕವಿದೆ. ವೈಟ್‌ಫೀಲ್ಡ್, ಕಾಡುಗೋಡಿಗಳ ಆಚೆ ಹೊಸಕೋಟೆಯ ಕಡೆಗೆ ಸಾಗುವ ದಾರಿಯಲ್ಲಿ ನಗರ ಮುಗಿದು ಪಂಚಾಯಿತಿ ಶುರುವಾಗುವ ಸೀಮೆ ಇದು. ಅನುಗೊಂಡನಹಳ್ಳಿ ಹೋಬಳಿಯ ಈ ಭಾಗದಲ್ಲಿ ರಾಗಿ ಹೊಲದ ಪಕ್ಕದಲ್ಲೇ ಬಡಾವಣೆ, ಗೋದಾಮು, ವಿಲ್ಲಾಗಳು ಎದ್ದಿವೆ. ಆಸ್ತಿಯ ಬೆಲೆ ಏರಿದೆ. ಅದರಲ್ಲಿ ಸರ್ಕಾರಿ ಶಾಲೆಗೆ ಎಷ್ಟು ಸಲ್ಲುತ್ತದೆ ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ಸ್ಪಷ್ಟಪಡಿಸಬೇಕಾದ ಮಾತು: ಹೆಸರಿನ ಮಟ್ಟಿಗೆ ಇಂಥ ತೆರಿಗೆ ಈಗಾಗಲೇ ಇದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ 199ನೇ ಪ್ರಕರಣ ಕಟ್ಟಡಗಳ ಮೇಲೆ, ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಜನ ಅದನ್ನು ಮನೆ ಕಂದಾಯ ಎನ್ನುತ್ತಾರೆ. ಆ ತೆರಿಗೆಯ ಮೇಲೆ ನಾಲ್ಕು ಸೆಸ್‌ಗಳು ಕೂಡಿಕೊಳ್ಳುತ್ತವೆ: ಆರೋಗ್ಯಕ್ಕೆ ಶೇ 15, ಶಿಕ್ಷಣಕ್ಕೆ ಶೇ 10, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಒಟ್ಟು ಶೇ 34. ಸಾವಿರ ರೂಪಾಯಿ ತೆರಿಗೆಯ ಮನೆಯವರು 1,340 ರೂಪಾಯಿ ಕಟ್ಟಿದರೆ ಅದರಲ್ಲಿ ನೂರು ರೂಪಾಯಿ ಶಿಕ್ಷಣದ ಹೆಸರಿನದು. ಆದರೆ ಪಂಚಾಯಿತಿ ಈ ಸೆಸ್‌ಗಳನ್ನು ವಸೂಲು ಮಾಡಿ ಮೇಲಕ್ಕೆ ಪಾವತಿಸಬೇಕಾದ ಮಧ್ಯವರ್ತಿ ಮಾತ್ರ. ಊರಿನ ಮನೆಗಳಿಂದ ಎದ್ದ ಶಿಕ್ಷಣ ಸೆಸ್ಸು ಊರಿನ ಶಾಲೆಯ ಹೆಸರಿನಲ್ಲಿ ಹಿಂದಿರುಗಿ ಬರುವ ಏರ್ಪಾಡು ಇಲ್ಲ. ಹೊಸ ತೆರಿಗೆಯ ಮಾತೆತ್ತುವ ಮುನ್ನ ಈ ಹಳೆಯ ನೂರು ರೂಪಾಯಿಯ ಜಾಡು ಹಿಡಿಯಬೇಕು.

ಆ ಜಾಡು ಹತ್ತೊಂಬತ್ತನೇ ಶತಮಾನದವರೆಗೆ ಹೋಗುತ್ತದೆ. 1854ರಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣ ನಿರೂಪ ಸಹಾಯಧನವನ್ನು ನೆಚ್ಚಿತ್ತು. ಊರಿನವರು ವಂತಿಗೆ ಕೂಡಿಸಿದರೆ ಸರ್ಕಾರವೂ ಅಷ್ಟು ಸೇರಿಸುತ್ತದೆ ಎಂಬುದು ಅದರ ತಳಹದಿ. ಬಡ ಹಳ್ಳಿಗಳಿಗೆ ಇದು ಒಗ್ಗಲಿಲ್ಲ. ವಂತಿಗೆ ಎತ್ತುವ ಶಕ್ತಿಯಿದ್ದ ಊರಿಗಷ್ಟೇ ಶಾಲೆ ಸಿಗುವಂತಾಯಿತು. 1859ರಲ್ಲಿ ಲಾರ್ಡ್ ಸ್ಟ್ಯಾನ್ಲಿ ಕಳಿಸಿದ ನಿರೂಪ ಇದನ್ನು ಕಂಡುಕೊಂಡು, ದೇಶಭಾಷೆಯ ಶಾಲೆಗಳಿಗೆ ಕಡ್ಡಾಯ ಸ್ಥಳೀಯ ಕರ ಹಾಕುವ ದಾರಿಯನ್ನು ಸೂಚಿಸಿತು. ಇದನ್ನು ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳು ಬೇರೆ ಬೇರೆ ರೀತಿಯಲ್ಲಿ ನಡೆಸಿದವು. ಕನ್ನಡದ ಜಿಲ್ಲೆಗಳು ಎರಡರಲ್ಲೂ ಹಂಚಿಹೋಗಿದ್ದರಿಂದ ಹೋಲಿಸಿ ನೋಡುವುದು ನಮಗೆ ಸುಲಭ.

ಮುಂಬಯಿ ಪ್ರಾಂತದಲ್ಲಿ 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯ ಸ್ಥಳೀಯ ಸೆಸ್ ಬಂದು, ಅದರ ಮೂರನೇ ಒಂದು ಪಾಲು ಶಾಲೆಗಳಿಗೆ ಮೀಸಲಾಯಿತು. ಧಾರವಾಡ, ಬೆಳಗಾವಿ, ಉತ್ತರ ಕನ್ನಡದ ಹಳ್ಳಿಶಾಲೆಗಳಿಗೆ ಈ ಹಣವೇ ಆಸರೆ. ಮದ್ರಾಸ್ ಪ್ರಾಂತದಲ್ಲಿ 1863ರ ಶಿಕ್ಷಣ ಕಾಯ್ದೆ, ಊರಿನವರು ತಾವೇ ಒಪ್ಪಿ ಶಾಲೆಗೆಂದು ತೆರಿಗೆ ಹಾಕಿಕೊಳ್ಳಲು ಅವಕಾಶ ಕೊಟ್ಟಿತು. ಗೋದಾವರಿ ಜಿಲ್ಲೆಯನ್ನು ಬಿಟ್ಟರೆ ಅದು ಹೆಚ್ಚು ಬೇರೂರಲಿಲ್ಲ. 1871ರ ಸ್ಥಳೀಯ ನಿಧಿ ಕಾಯ್ದೆಯಲ್ಲಿ ಶಾಲೆಗಳಿಗಾಗಿ ಮನೆ ತೆರಿಗೆಗೂ ಜಾಗ ಮಾಡಲಾಯಿತು. ಜನರಿಗೆ ಅದು ಹಿಡಿಸದೆ ಬಹುತೇಕ ಕಡೆ ಕೈಬಿಡಬೇಕಾಯಿತು. ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಮದ್ರಾಸಿನ ಆಡಳಿತದಲ್ಲಿದ್ದವು. ಒಂದೂವರೆ ಶತಮಾನದ ಹಿಂದೆಯೇ ನಮ್ಮ ಸೀಮೆಗಳಿಗೆ ಕಾಲಿಟ್ಟ ಶಾಲಾ ಮನೆ ತೆರಿಗೆ ಏಕೆ ಉಳಿಯಲಿಲ್ಲ, ಒಂದಾಣೆ ಸೆಸ್ ಏಕೆ ಉಳಿಯಿತು? ನನ್ನ ತಿಳಿವಳಿಕೆಯಲ್ಲಿ ಕಾರಣ ಸರಳ. ಒಂದಾಣೆ ಸೆಸ್ಸು ರೈತ ಮೊದಲೇ ಕಟ್ಟುತ್ತಿದ್ದ ಕಂದಾಯದ ಜೊತೆ ಬಂತು, ಅದರಲ್ಲಿ ಶಾಲೆಯ ಪಾಲು ಇಷ್ಟೇ ಎಂದು ಗೊತ್ತಿತ್ತು. ಮನೆ ತೆರಿಗೆಗಾದರೋ ಹೊಸದಾಗಿ ಬಾಗಿಲು ಬಾಗಿಲಿಗೆ ಹೋಗಿ ಅಳೆದು ಕೇಳಬೇಕಾಗಿತ್ತು.

ಉಳಿದುಕೊಂಡ ಸೆಸ್ಸೂ ನ್ಯಾಯವಾಗಿರಲಿಲ್ಲ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಜ್ಯೋತಿಬಾ ಫುಲೆ ಸಲ್ಲಿಸಿದ ಮನವಿಯ ಮುಖ್ಯ ಆಕ್ಷೇಪವೇ ಇದು: ರೈತಾಪಿ ಜನರ ದುಡಿಮೆಯಿಂದ ಬಂದ ಕಂದಾಯ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹರಿದುಹೋಗುತ್ತಿದೆ, ಹಣ ಕೊಟ್ಟವರ ಮಕ್ಕಳಿಗೆ ಪ್ರಾಥಮಿಕ ಶಾಲೆಯೂ ಇಲ್ಲ. ಆ ಆಯೋಗ ಪ್ರಾಥಮಿಕ ಶಿಕ್ಷಣವನ್ನು ಸ್ಥಳೀಯ ಮಂಡಳಿಗಳಿಗೆ ವಹಿಸಿ ಅದಕ್ಕೆ ಪ್ರತ್ಯೇಕ ನಿಧಿ ಇರಬೇಕೆಂದಿತು. ಕೊಟ್ಟವರಿಗೆ ಹಣದ ದಾರಿ ಕಾಣಬೇಕು ಎಂಬ ಫುಲೆಯವರ ಬೇಡಿಕೆ ಸಮೇತನಹಳ್ಳಿಯ ತೆರಿಗೆ ರಸೀದಿಗೂ ಅನ್ವಯಿಸುತ್ತದೆ.

ಹೊಸಕೋಟೆ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅಲ್ಲಿನ ಕಥೆಯ ತಿರುವು ಬೇರೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಬಂತು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಇಂಪೀರಿಯಲ್ ಶಾಸನಸಭೆಯಲ್ಲಿ ಮಂಡಿಸಿದ ಕಡ್ಡಾಯ ಶಿಕ್ಷಣ ಮಸೂದೆ ಈ ರೆಗ್ಯುಲೇಷನ್ ಬರುವ ಹಿಂದಿನ ವರ್ಷವಷ್ಟೇ ಬಿದ್ದುಹೋಗಿತ್ತು. 1930ರಲ್ಲಿ ಮೈಸೂರು ಪ್ರಾಥಮಿಕ ಶಾಲೆಗಳನ್ನು ಜಿಲ್ಲಾ ಮಟ್ಟದ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿತು. ಹನ್ನೊಂದು ವರ್ಷಗಳ ನಂತರ, 1941ರ ಕಾಯ್ದೆಯ ಮೂಲಕ, ಸರ್ಕಾರವೇ ಅವುಗಳನ್ನು ಮರಳಿ ತೆಗೆದುಕೊಂಡಿತು. ಶಾಲೆಯ ಪೂರ್ತಿ ಹೊರೆಯನ್ನು ಸ್ಥಳೀಯ ಸಂಸ್ಥೆಯ ಹೆಗಲಿಗೆ ಹಾಕಬಾರದು ಎಂದು ವಾದಿಸುವವರಿಗೆ ನಮ್ಮದೇ ನೆಲದ ಈ ಪ್ರಯೋಗಕ್ಕಿಂತ ಒಳ್ಳೆಯ ಆಧಾರ ಸಿಗದು. ಏಕೀಕರಣದ ನಂತರ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಿಕ್ಷಣ ಸೆಸ್ಸಿಗೆ ರಾಜ್ಯವ್ಯಾಪಿ ರೂಪ ಕೊಟ್ಟಿತು. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ. ಅದರಲ್ಲೂ ಸೆಸ್ ಮುಂದುವರಿಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 2008ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿಯನ್ನು ತಂದಾಗ ತೆರಿಗೆಯ ಮೇಲಿನ ಸೆಸ್ ಶೇ 24. ಅದರಲ್ಲಿ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಇವೆ. ಶಿಕ್ಷಣದ ಶೇ 10 ಇಲ್ಲ. ಎಂದರೆ ಪಾಲಿಕೆಗೆ ಸೇರಿದ ಕಾಡುಗೋಡಿಯ ಮನೆಯ ತೆರಿಗೆಯಲ್ಲಿ ಶಾಲೆಯ ಹೆಸರಿಲ್ಲ, ಪಂಚಾಯಿತಿಯಲ್ಲಿ ಉಳಿದ ಸಮೇತನಹಳ್ಳಿಯ ಮನೆಯ ತೆರಿಗೆಯಲ್ಲಿ ಇದೆ. ಬೆಂಗಳೂರಿನ ಗಡಿ ಮುಂದೆ ಸರಿದಂತೆಲ್ಲ ಆಸ್ತಿಯ ಬೆಲೆ ಹೆಚ್ಚುತ್ತದೆ. ಊರು ನಗರಕ್ಕೆ ಸೇರಿದ ದಿನ, ಬೆಲೆ ಅತಿ ಹೆಚ್ಚಾಗಿರುವ ಹೊತ್ತಿಗೇ, ಶಾಲೆಯ ಪಾಲು ಲೆಕ್ಕದಿಂದ ಮಾಯವಾಗುತ್ತದೆ. ನಗರದಂಚಿನ ಸರ್ಕಾರಿ ಶಾಲೆಗಳಲ್ಲಿ ಕಲಿಯುವವರಲ್ಲಿ ಕಟ್ಟಡ ಕೆಲಸ, ಗೋದಾಮು ಕೆಲಸ, ಮನೆಗೆಲಸಕ್ಕೆ ವಲಸೆ ಬಂದವರ ಮಕ್ಕಳು ಬಹಳ. ಆ ಆಸ್ತಿಗಳ ಬೆಲೆಯನ್ನು ಬೆಳೆಸಿದ ದುಡಿಮೆ ಅವರ ತಂದೆತಾಯಿಯರದು. ಅವರ ಮಕ್ಕಳ ಶಾಲೆಗೆ ಆ ಬೆಲೆಯಲ್ಲಿ ಪಾಲಿರಬೇಕು ಎಂಬುದು ದಾನದ ಮಾತಲ್ಲ, ನ್ಯಾಯದ ಮಾತು.

ಹಾಗಾದರೆ ಊರಿನ ಆಸ್ತಿ ತೆರಿಗೆಯನ್ನು ಊರಿನ ಶಾಲೆಗೇ ಬಿಟ್ಟರೆ ಸರಿಯಾಯಿತೆ? ಈ ಪ್ರಶ್ನೆಗೆ ಅಮೆರಿಕದ ಅನುಭವ ಎಚ್ಚರಿಕೆ ಕೊಡುತ್ತದೆ. ಅಲ್ಲಿ ಸಾರ್ವಜನಿಕ ಶಾಲೆಗಳ ಹಣದ ದೊಡ್ಡ ಭಾಗ ಶಾಲಾ ವಲಯದ ಆಸ್ತಿ ತೆರಿಗೆಯದು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಎಜ್‌ವುಡ್ ವಲಯದ ಪೋಷಕರು ಇದನ್ನು ಪ್ರಶ್ನಿಸಿದ ಮೊಕದ್ದಮೆ 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬಡವರಿದ್ದ ಎಜ್‌ವುಡ್ ತನ್ನ ಆಸ್ತಿಗಳ ಪ್ರತಿ ನೂರು ಡಾಲರ್ ಬೆಲೆಗೆ 1.05 ಡಾಲರ್ ತೆರಿಗೆ ಹಾಕಿ ಮಗುವೊಂದಕ್ಕೆ 26 ಡಾಲರ್ ಕೂಡಿಸುತ್ತಿತ್ತು. ಅದೇ ನಗರದ ಸಿರಿವಂತ ಅಲಾಮೊ ಹೈಟ್ಸ್ ನೂರಕ್ಕೆ ಕೇವಲ 85 ಸೆಂಟ್ ಹಾಕಿ 333 ಡಾಲರ್ ಕೂಡಿಸುತ್ತಿತ್ತು. ಹೆಚ್ಚು ತೆತ್ತವರ ಮಕ್ಕಳಿಗೆ ಕಡಿಮೆ ಸಿಕ್ಕಿತು. ಐದು ನಾಲ್ಕರ ಬಹುಮತದಿಂದ ನ್ಯಾಯಾಲಯ ಆ ಪದ್ಧತಿಯನ್ನು ಎತ್ತಿಹಿಡಿಯಿತು.

ಇದೇ ಅಂತರ ಹೊಸಕೋಟೆ ತಾಲ್ಲೂಕಿನೊಳಗೇ ಹುಟ್ಟಬಲ್ಲದು. ತಾಲ್ಲೂಕಿಗೆ ಐದು ಹೋಬಳಿಗಳು: ಕಸಬಾ, ಅನುಗೊಂಡನಹಳ್ಳಿ, ಜಡಿಗೇನಹಳ್ಳಿ, ಸೂಲಿಬೆಲೆ, ನಂದಗುಡಿ. ವೈಟ್‌ಫೀಲ್ಡಿಗೆ ತಾಗಿದ ಅನುಗೊಂಡನಹಳ್ಳಿಯ ಕಡೆ ಗೋದಾಮು, ಬಡಾವಣೆಗಳ ತೆರಿಗೆ ಇದೆ. ನಗರದಿಂದ ದೂರದ ನಂದಗುಡಿಯ ಕಡೆ ಬಹುಪಾಲು ಹೊಲ, ತೋಟ. ಕೃಷಿ ಭೂಮಿಗೆ ಪಂಚಾಯಿತಿ ತೆರಿಗೆ ಇಲ್ಲ. ಎರಡೂ ಕಡೆಯ ಪಂಚಾಯಿತಿಗಳು ತಮ್ಮ ತಮ್ಮ ಶಿಕ್ಷಣ ಸೆಸ್ಸನ್ನು ತಾವೇ ಇಟ್ಟುಕೊಂಡರೆ ಸಮೇತನಹಳ್ಳಿ ಅಲಾಮೊ ಹೈಟ್ಸ್ ಆದೀತು, ನಂದಗುಡಿಯ ಹಳ್ಳಿಗಳು ಎಜ್‌ವುಡ್ ಆದಾವು. ಆದ್ದರಿಂದ ನನ್ನ ಸೂಚನೆ ಎರಡು ಪಾಲಿನದು. ಹೊಸ ತೆರಿಗೆ ಬೇಡ. ಇರುವ ಶೇ 10ರ ಸೆಸ್ಸಿನಲ್ಲಿ ಅರ್ಧ ಆಯಾ ಪಂಚಾಯಿತಿಯ ಸರ್ಕಾರಿ ಶಾಲೆಗಳಿಗೆ ನೇರವಾಗಿ ಉಳಿಯಲಿ, ಇನ್ನರ್ಧ ತಾಲ್ಲೂಕಿನ ನಿಧಿಯೊಂದಕ್ಕೆ ಸೇರಿ ಮಕ್ಕಳ ತಲೆಯೆಣಿಕೆಯ ಪ್ರಕಾರ ಎಲ್ಲ ಹೋಬಳಿಗಳಿಗೆ ಹಂಚಿಕೆಯಾಗಲಿ. ಅರ್ಧ ಎಂಬ ಪ್ರಮಾಣವನ್ನು ಚರ್ಚಿಸಿ ಬದಲಿಸಬಹುದು. ಹಂಚಿಕೆಯ ತತ್ವವನ್ನು ಬಿಡುವಂತಿಲ್ಲ.

ಹಣ ಯಾವುದಕ್ಕೆ ಎಂಬುದೂ ಮುಖ್ಯ. ಶಿಕ್ಷಕರ ಸಂಬಳ ಸರ್ಕಾರದ್ದೇ ಆಗಿರಬೇಕು. ಪಂಚಾಯಿತಿ ಅದಕ್ಕೆ ಕೈಹಾಕಿದರೆ ಸರ್ಕಾರ ತನ್ನ ಕೈ ಹಿಂದೆಗೆದುಕೊಳ್ಳಲು ದಾರಿಯಾಗುತ್ತದೆ. ಈಗ ಶಾಲೆಯ ದೈನಂದಿನ ಖರ್ಚಿಗೆ ಸಮಗ್ರ ಶಿಕ್ಷಾ ಯೋಜನೆಯಿಂದ ಬರುವ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: ಮೂವತ್ತರವರೆಗೆ ಇದ್ದರೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000, ಇನ್ನೂರೈವತ್ತರವರೆಗೆ 50,000. ಸೀಮೆಸುಣ್ಣ, ದುರಸ್ತಿ, ಶೌಚಾಲಯದ ಸ್ವಚ್ಛತೆ ಎಲ್ಲವೂ ಇದರಲ್ಲೇ ಮುಗಿಯಬೇಕು. ಹೆಂಚು ಒಡೆದರೆ, ಪಂಪು ಕೆಟ್ಟರೆ ಮುಖ್ಯ ಶಿಕ್ಷಕರು ದಾನಿಗಳನ್ನು ಹುಡುಕುತ್ತಾರೆ. ಕಾಂಪೌಂಡು, ಆಟದ ಮೈದಾನ, ಶೌಚಾಲಯಗಳನ್ನು ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸಿದ ಪಂಚಾಯಿತಿಗಳು ರಾಜ್ಯದಲ್ಲಿ ಅನೇಕ. ಆದರೆ ಕಟ್ಟಿದ ಶೌಚಾಲಯವನ್ನು ದಿನವೂ ತೊಳೆಯುವವರ ಕೂಲಿ ಯಾವ ಯೋಜನೆಯಲ್ಲೂ ಸರಿಯಾಗಿ ಕೂರುವುದಿಲ್ಲ. ಸ್ಥಳೀಯ ಸೆಸ್ಸು ಹೋಗಬೇಕಾದದ್ದು ಇಂಥಲ್ಲಿಗೆ.

ವಂತಿಗೆ ಈ ಜಾಗವನ್ನು ತುಂಬಲಾರದು ಎಂಬುದು 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಗೊತ್ತಾಯಿತು. ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅವಕಾಶ ಕೊಟ್ಟ ಸುತ್ತೋಲೆಯನ್ನು ಶಿಕ್ಷಣ ಇಲಾಖೆ ಹೊರಡಿಸಿ, ವಿರೋಧ ಎದ್ದ ಕೆಲವೇ ದಿನಗಳಲ್ಲಿ ಹಿಂಪಡೆಯಿತು. ವಿರೋಧ ಸರಿಯಾದದ್ದೇ. ಆ ನೂರು ರೂಪಾಯಿಯನ್ನು ಕೇಳಿದ್ದು ಸರ್ಕಾರಿ ಶಾಲೆಯ ಹೊರತು ಬೇರೆ ದಾರಿಯಿಲ್ಲದ ಮನೆಗಳನ್ನು. ಆಸ್ತಿಯ ಮೇಲಿನ ಸೆಸ್ಸು ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ವಿಲ್ಲಾದವರನ್ನೂ ಮಕ್ಕಳೇ ಇಲ್ಲದ ಗೋದಾಮನ್ನೂ ಕೇಳುತ್ತದೆ. ಗ್ರಾಮಠಾಣೆಯ ಹಳೆಯ ಹೆಂಚಿನ ಮನೆಯವರ ತೆರಿಗೆ ಚಿಕ್ಕದಾದ್ದರಿಂದ ಅವರ ಸೆಸ್ಸೂ ಚಿಕ್ಕದೇ.

ಇದೆಲ್ಲ ನಡೆಯಬೇಕಾದರೆ ತೆರಿಗೆ ನಿರ್ಧರಣೆ ಸರಿಯಿರಬೇಕು. ಪಂಚಾಯಿತಿ ಆಸ್ತಿಗಳನ್ನು ದಾಖಲಿಸುವ ಇ-ಸ್ವತ್ತಿನಲ್ಲಿ ನಮೂನೆ 9, 11 ಸಿಗದ, ಅಥವಾ ಹಳೆಯ ಅಳತೆಯಲ್ಲೇ ಉಳಿದ ಕಟ್ಟಡಗಳು ನಗರದಂಚಿನಲ್ಲಿ ಹೆಚ್ಚು. ತೆರಿಗೆಯೇ ಕಡಿಮೆಯಾಗಿ ನಿಗದಿಯಾದರೆ ಅದರ ಶೇ 10 ಕೂಡ ಕಡಿಮೆಯೇ. ಲೆಕ್ಕದ ಪಾರದರ್ಶಕತೆ ಇನ್ನೊಂದು ಷರತ್ತು. ಸೆಸ್ಸಿನ ಹೆಸರಿನಲ್ಲಿ ವಸೂಲಾದ ಹಣ ಗುರಿ ಮುಟ್ಟದಿರುವುದು ನಮಗೆ ಹೊಸದಲ್ಲ. ಗ್ರಂಥಾಲಯ ಸೆಸ್ಸನ್ನು ಬಿಬಿಎಂಪಿ ಗ್ರಂಥಾಲಯ ಇಲಾಖೆಗೆ ಪೂರ್ತಿ ಪಾವತಿಸದೆ ಬಾಕಿ ಉಳಿಸಿಕೊಂಡದ್ದು ವರ್ಷಗಟ್ಟಲೆ ಸುದ್ದಿಯಾಗಿದೆ. ಕೇಂದ್ರದ ಪ್ರೌಢ ಮತ್ತು ಉನ್ನತ ಶಿಕ್ಷಣ ಸೆಸ್ಸಿನಲ್ಲಿ 2006–07ರಿಂದ 2016–17ರವರೆಗೆ ಸಂಗ್ರಹವಾದ 83,497 ಕೋಟಿ ರೂಪಾಯಿಗೆ ಪ್ರತ್ಯೇಕ ನಿಧಿಯನ್ನೇ ಮಾಡಿರಲಿಲ್ಲ ಎಂದು ಮಹಾಲೇಖಪಾಲರು ವರದಿ ಮಾಡಿದ್ದರು.

ಆದ್ದರಿಂದ ಸಮೇತನಹಳ್ಳಿಯಂಥ ಪಂಚಾಯಿತಿ ಕಾನೂನು ತಿದ್ದುಪಡಿಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸವೊಂದಿದೆ. ಬೇಡಿಕೆ, ವಸೂಲಿ, ಬಾಕಿ ತೋರಿಸುವ ಡಿಸಿಬಿ ವಹಿಯಿಂದ ಶಿಕ್ಷಣ ಸೆಸ್ಸಿನ ಕಲಮನ್ನು ಬೇರ್ಪಡಿಸಿ ಗ್ರಾಮಸಭೆಯಲ್ಲಿ ಓದುವುದು: ಈ ವರ್ಷ ಇಷ್ಟು ಬಂತು, ಇಷ್ಟು ಮೇಲಕ್ಕೆ ಕಟ್ಟಿದೆವು, ನಮ್ಮ ಶಾಲೆಗಳಿಗೆ ಇಷ್ಟು ಬಂತು. ಮಕ್ಕಳ ಗ್ರಾಮಸಭೆಗಳಲ್ಲಿ ಪ್ರತಿ ವರ್ಷ ಏಳುವ ಬೇಡಿಕೆಗಳು ಶೌಚಾಲಯ, ಕುಡಿಯುವ ನೀರು, ಕಾಂಪೌಂಡು. ಅವಕ್ಕೆ ‘ಅನುದಾನ ಬಂದಾಗ ನೋಡೋಣ’ ಎನ್ನುವ ಪಿಡಿಒ ಮತ್ತು ಅಧ್ಯಕ್ಷರ ಕೈಯಲ್ಲಿ ಆ ಮೂರು ಅಂಕಿಗಳಿದ್ದರೆ, ಅದೇ ಸಭೆಯ ನಡವಳಿಯಲ್ಲಿ ಸರ್ಕಾರಕ್ಕೆ ತಮ್ಮ ಪಾಲು ಕೇಳುವ ನಿರ್ಣಯವನ್ನೂ ದಾಖಲಿಸಬಹುದು.